ಮೇನ್ ಸ್ವಿಚ್ಚಿನಿಂದ ಧನುರಾಶಿಗೆ

ಈ ಪ್ರವಾಸಕ್ಕೆ ಸೆಲ್ ಹಾಕಿದ ಪುಟ್ಟ ಶಾರ್ಟ್‌ವೇವ್ ರೇಡಿಯೊ, ಒಂದು ಸುರುಳಿ ತಂತಿ ಇದ್ದರೆ ಸಾಕು. ಹೊರಟದ್ದು ಬೆಂಗಳೂರಿನ ನಮ್ಮ ನಡುಮನೆಯಿಂದ. ರೇಡಿಯೊವನ್ನು 10 ಮೆಗಾಹರ್ಟ್ಸ್‌ಗೆ ತಿರುಗಿಸಿದೆ. ಗಡಿಯಾರ ಹೊಂದಿಸಿಕೊಳ್ಳುವವರಿಗಾಗಿ ಚೀನಾದ ಬಿಪಿಎಂ ಕೇಂದ್ರ ಅಲ್ಲಿ ಹಗಲಿರುಳೂ ಸೆಕೆಂಡಿಗೊಂದು ಟಿಕ್ ಹೊಡೆಯುತ್ತದೆ. ನಡುಮನೆಯಲ್ಲಿ ಕೇಳಿದ್ದು ಬರೀ ಗುರ್ರ್.

ಕೋಣೆಯಿಂದ ಕೋಣೆಗೆ ನಡೆದಂತೆ ಆ ಗುರ್ರ್‌ನೊಳಗೆ ಒಂದು ಸಂತೆಯೇ ಇರುವುದು ತಿಳಿಯಿತು. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನದು ಒರಟು ದನಿ. ವೇಗ ತಗ್ಗಿಸಲು ಅದು 50 ಹರ್ಟ್ಸ್ ಕರೆಂಟಿನ ಪ್ರತಿ ಅರ್ಧ ಅಲೆಯನ್ನೂ ಕತ್ತರಿಸುತ್ತದೆ, ಸೆಕೆಂಡಿಗೆ 100 ಸಲ. ಒಂದೊಂದು ಕತ್ತರಿಗೂ ರೇಡಿಯೊ ಅಲೆ ಸಿಡಿಯುತ್ತದೆ. ಮೊಬೈಲ್ ಚಾರ್ಜರಿನ ಜಾತಿಯೇ ಬೇರೆ. ಅದರೊಳಗಿನ ಸ್ವಿಚ್ಚು ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚುತ್ತದೆ. ಆ ಆವರ್ತನದ ಅಪವರ್ತ್ಯಗಳು ಬ್ಯಾಂಡಿನುದ್ದಕ್ಕೂ ಬೇಲಿಗೂಟಗಳಂತೆ ಸಮದೂರದಲ್ಲಿ ಸಾಲುಗಟ್ಟಿದ್ದವು. ಇನ್ನೂ ಸೋಜಿಗವೆಂದರೆ ಯಾವುದೂ ತಾನಿರುವಲ್ಲಷ್ಟೇ ಕೂಗುವುದಿಲ್ಲ. ಗೋಡೆಯೊಳಗಿನ ವೈರಿಂಗೇ ಏರಿಯಲ್ ಆಗಿ, ದೇವರಮನೆಯ ಎಲ್‌ಇಡಿ ಬಲ್ಬಿನ ಸದ್ದು ಬಚ್ಚಲಲ್ಲೂ ಕೇಳುತ್ತದೆ.

ಮೇನ್ ಇಳಿಸಿದೆ. ಆ ಕ್ಷಣವೇ ಯುಪಿಎಸ್ ಎದ್ದು ತನ್ನ ರಾಗ ತೆಗೆಯಿತು. ಅದನ್ನೂ ಆರಿಸಿದೆ.

"ಇಷ್ಟೊತ್ನಲ್ಲಿ ಕತ್ತಲು ಮಾಡ್ಕೊಂಡು ಏನೋ ಹುಡುಕ್ತಿದ್ದೀಯ?" ಅಮ್ಮ ಕೇಳಿದರು.

ರೇಡಿಯೊವನ್ನು ಅವರ ಕಿವಿಗೆ ಹಿಡಿದೆ. ಮಸುಕಾಗಿ, ಆದರೆ ತಪ್ಪದೆ: ಟಿಕ್, ಟಿಕ್.

"ಚೀನಾದಿಂದ ಬರ್ತಿದೆ ಅಮ್ಮ."

"ಇಷ್ಟು ದಿನಾನೂ ಇದು ಮನೇಲೇ ಇತ್ತಾ?"

ಇತ್ತು. ಒಂದೊಂದು ಲೈನಿನ ಎಂಸಿಬಿಯನ್ನೂ ಇಳಿಸಿ, ಮೇನ್ ಏರಿಸಿ, ಆಮೇಲೆ ಅವನ್ನು ಒಂದೊಂದಾಗಿ ಏರಿಸುತ್ತ ಬಂದೆ. ಯಾವುದು ಏರಿದಾಗ ಟಿಕ್ ಮುಳುಗುತ್ತದೋ ಆ ಲೈನಿನಲ್ಲೇ ಕಳ್ಳ. ನಮ್ಮಲ್ಲಿ ಸಿಕ್ಕಿಬಿದ್ದದ್ದು ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಅದರ ವೈರನ್ನು ಫೆರೈಟ್ ಉಂಗುರಕ್ಕೆ ಐದಾರು ಸುತ್ತು ಹಾಕಿದ ಮೇಲೆ ಗದ್ದಲ ತಗ್ಗಿತು. ಆದರೆ ಊರಿನವರ ಮೇನ್‌ಗಳನ್ನೆಲ್ಲ ಇಳಿಸಲಾದೀತೇ?

ಬಸ್ಸು ಹಿಡಿದು, ದೊಡ್ಡಬಳ್ಳಾಪುರ ದಾಟಿ, ಗೌರಿಬಿದನೂರಿನ ಕಡೆಗೆ ಹೋದೆ. ಪರಿಚಯದವರ ಹೊಲದಲ್ಲಿ, ಕರೆಂಟು ಕಂಬಗಳಿಂದ ದೂರ, ಹುಣಸೆಮರಕ್ಕೆ ತಂತಿ ಎಸೆದೆ. ಇಲ್ಲಿ ಟಿಕ್ ಹುಡುಕಬೇಕಿರಲಿಲ್ಲ, ತಾನಾಗಿ ಬಂತು. ನಡುನಡುವೆ ಚಟಪಟ: ಎಲ್ಲೋ ದೂರದ ಮಿಂಚು. ಇರುಳೇರಿದ ಮೇಲೆ 20 ಮೆಗಾಹರ್ಟ್ಸ್ ಆಚೆಗೆ ತಿರುಗಿಸಿದೆ. ಸ್ಟೇಷನ್‌ಗಳೆಲ್ಲ ಅಡಗಿ, ಒಂದೇ ಸಮನೆ ಸುಯ್ಯೆನ್ನುವ ಸದ್ದು ಉಳಿದಿತ್ತು. ತಂತಿ ಕಳಚಿದರೆ ಇಳಿಯಿತು, ಸಿಕ್ಕಿಸಿದರೆ ಏರಿತು. ಹೊರಗಿನಿಂದಲೇ ಬರುತ್ತಿದೆ, ಆದರೆ ಆರಿಸಲು ಸ್ವಿಚ್ಚೆಲ್ಲಿ? ಮೈ ಜುಮ್ಮೆಂದಿತು.

ಅಮೆರಿಕದ ಎಂಜಿನಿಯರ್ ಕಾರ್ಲ್ ಜಾನ್‌ಸ್ಕಿ ಹಿಡಿದದ್ದೂ ಇದೇ ಜಾಡು. ಅಟ್ಲಾಂಟಿಕ್ ದಾಟುವ ರೇಡಿಯೊ ಫೋನ್ ಕರೆಗಳನ್ನು ಕೆಡಿಸುವ ಗದ್ದಲದ ಮೂಲ ಹುಡುಕುವುದು ಬೆಲ್ ಲ್ಯಾಬ್ಸ್ ಅವರಿಗೆ ವಹಿಸಿದ ಕೆಲಸ. ನ್ಯೂಜೆರ್ಸಿಯ ಬಯಲಲ್ಲಿ ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾ ಕಟ್ಟಿ, 20.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದರು. ಹತ್ತಿರದ ಸಿಡಿಲು, ದೂರದ ಸಿಡಿಲು ಕಳೆದ ಮೇಲೂ ಒಂದು ಸುಯಿಲು ಉಳಿಯಿತು. ಅದು ಮರಳುತ್ತಿದ್ದದ್ದು 23 ಗಂಟೆ 56 ನಿಮಿಷಕ್ಕೊಮ್ಮೆ; ಅದು ನಕ್ಷತ್ರಗಳ ದಿನದ ಲೆಕ್ಕ. 1933ರಲ್ಲಿ ಅವರು ಕೊಟ್ಟ ವಿಳಾಸ: ಧನುರಾಶಿಯ ದಿಕ್ಕು, ಕ್ಷೀರಪಥದ ನಡುಭಾಗ.

ಮರುದಿನ ಗೌರಿಬಿದನೂರು ರೇಡಿಯೊ ವೀಕ್ಷಣಾಲಯದ ದಾರಿ ಹಿಡಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಇಲ್ಲಿ ಸಾವಿರ ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ನೆಟ್ಟವು. ಶಾರ್ಟ್‌ವೇವ್ ಮುಗಿಯುವುದು 30 ಮೆಗಾಹರ್ಟ್ಸ್‌ಗೆ. ಇವು ಕಿವಿಯಿಟ್ಟದ್ದು ಅದರ ಹೊಸ್ತಿಲಾಚೆ, 34.5ರಲ್ಲಿ. ಆ ಸುಯಿಲಿನಿಂದಲೇ ಬರೆದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ಇಲ್ಲಿಯವರಿಗೆ ಕ್ಷೀರಪಥವೇ ಸ್ಟೇಷನ್. ಅಡಚಣೆಯೆಂದರೆ ನಮ್ಮ ಚಾರ್ಜರು, ನಮ್ಮ ಬಲ್ಬು, ಜೊತೆಗೆ ನಾನು ಮನೆಯ ದೀಪ ಆರಿಸಿ ಹುಡುಕಿದ ಆ ಟಿಕ್‌ನ ಬಳಗವೆಲ್ಲ.