ಬೂದಿಗೆ ಒಂದು ವಾಕ್ಯ

ಚೆನ್ನೈನ ಕ್ರೋಮ್‌ಪೇಟೆಯ ಹೆಸರಿನಲ್ಲಿ ಒಂದು ಲೋಹವಿದೆ. ಕ್ರೋಮ್ ಲೆದರ್ ಕಂಪನಿಯಿಂದ ಬಂದ ಹೆಸರು ಅದು. ಕಂಪನಿ ಹೋಯಿತು, ಹೆಸರು ಉಳಿಯಿತು. ಭಾಷಾವಿಜ್ಞಾನ ಓದಿದವಳಾದ್ದರಿಂದ ಊರ ಹೆಸರುಗಳ ಮೇಲೆ ನನಗೆ ಸದಾ ಕಣ್ಣು. ಆದರೆ ಈ ಲೋಹ ನನ್ನ ಮೇಜಿನ ಮೇಲೆ ಬಂದು ಕೂತದ್ದು ಕಳೆದ ವರ್ಷ, ಒಂದು ಕೈಪಿಡಿಯ ಅನುವಾದದ ಮೂಲಕ. ಚರ್ಮ ಹದ ಮಾಡುವ ಕಾರ್ಖಾನೆಗಳ ಸ್ಲಡ್ಜ್‌ಗೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ ಬೆರೆಸಿ, ಒಣಗಿಸಿ, ಒತ್ತಿ ಬ್ರಿಕೆಟ್ ಮಾಡಿ ಉರಿಸುವ ವಿಧಾನ ಅದರಲ್ಲಿತ್ತು. ಓದುಗರು ಕರ್ನಾಟಕದ ಬಾಯ್ಲರ್ ಕೆಲಸಗಾರರು.

ಸ್ಲಡ್ಜ್‌ಗೆ ಏನೆನ್ನುವುದು? ಕೆಸರು ಎಂದರೆ ಗದ್ದೆ ನೆನಪಾಗುತ್ತದೆ, ರಾಡಿ ಎಂದರೆ ಮಳೆಗಾಲದ ರಸ್ತೆ. ಕೊನೆಗೆ ಬಗ್ಗಡ ಎಂದಿಟ್ಟೆ. 'ಕೃಷಿ ತ್ಯಾಜ್ಯ' ಇನ್ನೂ ಕಷ್ಟವಾಯಿತು. ತ್ಯಾಜ್ಯವೆಂದರೆ ಬಿಡಬೇಕಾದದ್ದು. ಹೊಟ್ಟು, ತೌಡು, ಕರಟ, ಸೋಗೆ ಎಂದು ಒಂದೊಂದಕ್ಕೂ ಹೆಸರಿಟ್ಟು ಕೆಲಸ ಕೊಟ್ಟ ರೈತರ ಮನೆಯಲ್ಲಿ ಬಿಡುವಂಥದ್ದು ಯಾವುದಿದೆ?

ವಿಧಾನ ಮಾತ್ರ ನಮಗೆ ಹೊಸದಲ್ಲ. ನಮ್ಮಜ್ಜಿ ಸಗಣಿಗೆ ಹೊಟ್ಟು ಕಲಸಿ ಗೋಡೆಗೆ ಬೆರಣಿ ತಟ್ಟುತ್ತಿದ್ದರು. ಇಲ್ಲಿಯೂ ಅದೇ ಲೆಕ್ಕ. ಯಂತ್ರದಲ್ಲಿ ಹಿಂಡಿದ ಮೇಲೂ ಬಗ್ಗಡದಲ್ಲಿ ಬಹಳಷ್ಟು ನೀರು ಉಳಿದಿರುತ್ತದೆ. ಅದನ್ನು ಆರಿಸಿದ ಮೇಲೆ, ತಾನಾಗಿ ಚೆನ್ನಾಗಿ ಉರಿಯದ ಬಗ್ಗಡಕ್ಕೆ ಹೊಟ್ಟು ತನ್ನ ಕಾವು ಕೊಡುತ್ತದೆ.

ಇಂಥ ದಾರಿ ಯಾಕೆ ಬೇಕು ಎಂಬುದಕ್ಕೆ ಚೆನ್ನೈನಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ರಾಣಿಪೇಟೆಯನ್ನು ನೋಡಬೇಕು. ಪಾಲಾರ್ ಬಯಲಿನ ಚರ್ಮೋದ್ಯಮದ ಪ್ರಕರಣದಲ್ಲೇ 1996ರಲ್ಲಿ ಸುಪ್ರೀಂ ಕೋರ್ಟ್ 'ಮಲಿನ ಮಾಡಿದವರೇ ತೆರಬೇಕು' ಎಂಬ ತತ್ವವನ್ನು ಎತ್ತಿಹಿಡಿಯಿತು. ಸಾಮೂಹಿಕ ಶುದ್ಧೀಕರಣ ಘಟಕಗಳು ನೀರನ್ನು ತಿಳಿ ಮಾಡುತ್ತವೆ, ಆದರೆ ನೀರಿನಿಂದ ತೆಗೆದದ್ದು ಅಲ್ಲೇ ಗುಡ್ಡೆಯಾಗುತ್ತದೆ. 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಅಂಥದೊಂದು ಘಟಕದಲ್ಲಿ ಬಗ್ಗಡದ ತೊಟ್ಟಿಯ ಗೋಡೆ ಒಡೆದು, ಪಕ್ಕದಲ್ಲಿ ಮಲಗಿದ್ದ ಕೆಲಸಗಾರರ ಮೇಲೆ ನುಗ್ಗಿತು. 10 ಮಂದಿ ಸತ್ತರು. ಬಗ್ಗಡವನ್ನು ಕೂಡಿಡುವುದೂ ಸುರಕ್ಷಿತವಲ್ಲ.

ಹಾಗಾದರೆ ಸುಟ್ಟುಬಿಟ್ಟರೆ? ಇಲ್ಲಿ ರಸಾಯನಶಾಸ್ತ್ರ ಅಡ್ಡ ಬರುತ್ತದೆ. ಚರ್ಮ ಹದ ಮಾಡಲು ಬಳಸುವ ಕ್ರೋಮಿಯಂ ಮೂರು ವೇಲೆನ್ಸಿಯದು, ಅಷ್ಟು ಉಗ್ರವಲ್ಲ. ಧಾರಾಳ ಗಾಳಿಯಲ್ಲಿ ಉರಿಸಿದರೆ ಅದರ ಒಂದು ಪಾಲು ಆರು ವೇಲೆನ್ಸಿಗೆ ತಿರುಗುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಕ್ಯಾನ್ಸರ್ ತರುತ್ತದೆ. ತೊಗಲಿನ ಕೂದಲು ತೆಗೆಯಲು ಹಾಕಿದ ಸುಣ್ಣವೂ ಬಗ್ಗಡದಲ್ಲಿದ್ದು ಈ ಮಾರ್ಪಾಡಿಗೆ ನೆರವಾಗುತ್ತದೆ. ಗಾಳಿಯನ್ನು ಹಿಡಿತದಲ್ಲಿಟ್ಟು ಕಾಯಿಸಿದರೆ ಅಪಾಯ ಕಡಿಮೆ. ಹೇಗೆ ಸುಟ್ಟರೂ ಲೋಹ ಮಾಯವಾಗುವುದಿಲ್ಲ. ಭತ್ತದ ಹೊಟ್ಟೇ 100 ಕಿಲೋಗೆ ಸುಮಾರು 20 ಕಿಲೋ ಬೂದಿ ಬಿಡುತ್ತದೆ. ಬಗ್ಗಡದಲ್ಲಿ ಉರಿಯದ ಅಂಶ ಇನ್ನೂ ಹೆಚ್ಚು.

ಕೈಪಿಡಿಯಲ್ಲಿ ಬೂದಿಗೆ ಇದ್ದದ್ದು ಒಂದೇ ಸಾಲು: ನಿಯಮಾನುಸಾರ ವಿಲೇವಾರಿ ಮಾಡಬೇಕು. ಇದನ್ನು ಕನ್ನಡಕ್ಕೆ ತರುವುದು ಎರಡು ನಿಮಿಷದ ಕೆಲಸ. ನಾನು ಎರಡು ದಿನ ಮುಂದೆ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ಬೂದಿ ಒಳ್ಳೆಯ ಪದಾರ್ಥ. ಅಜ್ಜಿ ಬೆರಣಿಯ ಬೂದಿಯಲ್ಲಿ ಪಾತ್ರೆ ಬೆಳಗಿದರು, ಹಲ್ಲುಜ್ಜಿದರು, ಉಳಿದದ್ದನ್ನು ಬದನೆ ಗಿಡಕ್ಕೆ ಹಾಕಿದರು. ಬಾಯ್ಲರ್ ಮುಂದೆ ನಿಂತ ಕೆಲಸಗಾರನೂ ಅಂಥ ಮನೆಯಿಂದಲೇ ಬಂದಿರುತ್ತಾನೆ. ಪುಕ್ಕಟೆ ಸಿಗುವ ಬೂದಿಯನ್ನು ಒಂದು ಚೀಲ ಮನೆಗೆ ಒಯ್ದರೆ ಆಶ್ಚರ್ಯವೇನು?

ಒಂದು ವಾಕ್ಯ ಸೇರಿಸಲೇ ಎಂದು ಕೆಲಸ ಕೊಟ್ಟವರನ್ನು ಕೇಳಿದೆ. ಮೂಲದಲ್ಲಿ ಇಲ್ಲವಲ್ಲ ಎಂದರು. ಮೂಲದ ಓದುಗರು ಎಂಜಿನಿಯರುಗಳು, ಇವರು ಬೂದಿ ಎತ್ತುವವರು ಎಂದು ಬರೆದು ಕಳಿಸಿದೆ. ವಾರದ ನಂತರ ಉತ್ತರ ಬಂತು: ಸೇರಿಸಿ, ಚಿಕ್ಕದಾಗಿರಲಿ.

ಹೀಗೆ ಬರೆದೆ: 'ಈ ಬೂದಿಯಲ್ಲಿ ಪಾತ್ರೆ ತಿಕ್ಕಬೇಡಿ, ಗಿಡದ ಬುಡಕ್ಕೆ ಹಾಕಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಮನೆಗೆ ಒಯ್ಯಬೇಡಿ.'