ಹುಳಿ ಹಿಡಿಯುವ ಹೂ

ಐದೆಸಳಿನ ಕೆಂಪು ದಾಸವಾಳ ಗಣಪತಿಗೆ ಎಷ್ಟು ಇಷ್ಟವೋ ನನಗೂ ಅಷ್ಟೇ ಇಷ್ಟ. ಅವನು ಮುಡಿಯುತ್ತಾನೆ, ನಾನು ಕುದಿನೀರಿಗೆ ಹಾಕುತ್ತೇನೆ, ವ್ಯತ್ಯಾಸ ಅಷ್ಟೇ. ಪೂಜೆಗೆ ಕೊಯ್ದು ಮಿಕ್ಕ ಹೂಗಳ ತೊಟ್ಟು, ಕೇಸರ ತೆಗೆದು, ಎಸಳುಗಳನ್ನು ಲೋಟಕ್ಕೆ ತುಂಬಿ, ಮುಳುಗುವಷ್ಟು ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಎಸಳು ಬಿಳಿಚಿಕೊಂಡು ನೀರು ಕಡುನೇರಳೆಯಾಗುತ್ತದೆ. ಅದನ್ನು ಸೋಸಿ, ಫಿಲ್ಟರ್ ಪೇಪರ್ ಅದ್ದಿ, ನೆರಳಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟುಕೊಂಡರೆ ನನ್ನ ಆಟದ ಸಾಮಾನು ಸಿದ್ಧ. ನೋಟ್‌ಬುಕ್ಕಿನ ಹಾಳೆ ಇದಕ್ಕೆ ಆಗಿಬರುವುದಿಲ್ಲ. ಈಗಿನ ಬರೆಯುವ ಕಾಗದಗಳಲ್ಲಿ ಬಹುಪಾಲಿಗೆ ಸುಣ್ಣದಕಲ್ಲಿನ ಪುಡಿ ಸೇರಿಸಿರುತ್ತಾರೆ. ಪರೀಕ್ಷೆ ಶುರುವಾಗುವ ಮುಂಚೆಯೇ ಪಟ್ಟಿಯ ಬಣ್ಣ ತಿರುಗಿ ಕೂತಿರುತ್ತದೆ.

ಆಟದ ನಿಯಮ ಸುಲಭ. ಲಿಂಬೆರಸ ತಾಗಿದರೆ ಪಟ್ಟಿ ಗುಲಾಬಿಗೆಂಪು, ಸುಣ್ಣದ ತಿಳಿ ತಾಗಿದರೆ ಹಸಿರು. ಹೂವಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್, ಹೈಡ್ರೋಜನ್ ಅಯಾನುಗಳು ಧಾರಾಳವಾಗಿದ್ದಲ್ಲಿ ಒಂದನ್ನು ಅಂಟಿಸಿಕೊಂಡು ಕೆಂಪಗಿರುತ್ತದೆ. ಅವುಗಳಿಗೆ ಬರ ಬಂದಲ್ಲಿ ಇದ್ದದ್ದನ್ನೂ ಬಿಟ್ಟುಕೊಟ್ಟು ನೀಲಿಗೋ ಹಸಿರಿಗೋ ತಿರುಗುತ್ತದೆ. ಆ ಅಯಾನುಗಳ ಲೆಕ್ಕಕ್ಕೇ ಪಿಎಚ್ ಎನ್ನುವುದು. 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದು ಅಂಕೆ ಇಳಿದರೆ ಅಯಾನುಗಳು ಹತ್ತು ಪಟ್ಟು ಹೆಚ್ಚು. ಲಿಂಬೆರಸದ್ದು 2ರಿಂದ 2.5, ಮೊಸರಿನದ್ದು 4.5ರ ಆಸುಪಾಸು. ಅಂದರೆ ಮೊಸರಿಗಿಂತ ಲಿಂಬೆರಸದಲ್ಲಿ ಅವು ನೂರು ಪಟ್ಟಾದರೂ ಜಾಸ್ತಿ.

ಹೂವನ್ನು ಹೀಗೆ ದುಡಿಸಿಕೊಂಡವರು ಹಿಂದೆಯೂ ಇದ್ದರು. ಇಂಗ್ಲೆಂಡಿನಲ್ಲಿದ್ದ ರಾಬರ್ಟ್ ಬಾಯ್ಲ್ ವಯೊಲೆಟ್ ಹೂವಿನ ಪಾಕ ಆಮ್ಲಕ್ಕೆ ಕೆಂಪಾಗುವುದನ್ನೂ ಕ್ಷಾರಕ್ಕೆ ಹಸಿರಾಗುವುದನ್ನೂ 1664ರಲ್ಲಿ ಬಣ್ಣಗಳ ಕುರಿತ ತನ್ನ ಪುಸ್ತಕದಲ್ಲಿ ದಾಖಲಿಸಿದ. ಬಣ್ಣಕ್ಕೆ ಅಂಕೆ ಬಂದದ್ದು 1909ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕಿಣ್ವಗಳ ಬೆನ್ನುಹತ್ತಿದ್ದ ಸೋರೆನ್ಸನ್ ಪಿಎಚ್ ಮಾಪನವನ್ನು ರೂಪಿಸಿದ. ಇನ್ನು 1934ರಲ್ಲಿ ಕ್ಯಾಲಿಫೋರ್ನಿಯಾದ ಅರ್ನಾಲ್ಡ್ ಬೆಕ್‌ಮನ್ ಪಿಎಚ್ ಮೀಟರ್ ಕಟ್ಟಿಕೊಟ್ಟದ್ದು ಲಿಂಬೆರಸದ ಹುಳಿ ಅಳೆಯಲಾಗದೆ ಪೇಚಾಡುತ್ತಿದ್ದ ಗೆಳೆಯನಿಗಾಗಿ. ರಸ ಕೆಡದಿರಲೆಂದು ಹಾಕುತ್ತಿದ್ದ ಸಲ್ಫರ್ ಡೈಆಕ್ಸೈಡು ಬಣ್ಣದ ಕಾಗದದ ಕೆಲಸ ಕೆಡಿಸುತ್ತಿತ್ತಂತೆ.

ನಮ್ಮ ಹೆಂಗಸರು ಇವರಾರ ಹೆಸರೂ ಕೇಳದೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಕದಡಿ ಆರತಿಗೆ ಕೆಂಪು ಓಕುಳಿ ಮಾಡಿಕೊಂಡರು. ಬಿಳಿ ಪಂಚೆಯ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದ್ದೇ ಕೆಂಪಾಗುವುದೂ ಇದೇ ಗುಟ್ಟು. ಲಿಂಬೆ ಹಿಂಡಿದರೆ ಮತ್ತೆ ಹಳದಿ. ಅರಿಸಿನಕ್ಕೆ ಒಂದೇ ಕೊರತೆ. ಆಮ್ಲದ ಮಾತೆತ್ತಿದರೆ ಅದು ತುಟಿ ಬಿಚ್ಚುವುದಿಲ್ಲ. ಎರಡೂ ಕಡೆಯ ಸುದ್ದಿ ಬೇಕೆಂದರೆ ದಾಸವಾಳಕ್ಕೇ ಬರಬೇಕು.

ಪಟ್ಟಿ ಹಿಡಿದು ಮನೆಯೆಲ್ಲ ಸುತ್ತಿದರೆ ಒಂದು ವಿಷಯ ಎದ್ದು ಕಾಣುತ್ತದೆ. ತಿನ್ನುವುದೆಲ್ಲ ಹೆಚ್ಚುಕಡಿಮೆ ಆಮ್ಲದ ಪಾಲು, ತೊಳೆಯುವುದೆಲ್ಲ ಪ್ರತ್ಯಾಮ್ಲದ ಪಾಲು. ಹುಣಸೆರಸ, ಮಜ್ಜಿಗೆ, ರಾತ್ರಿಯಿಡೀ ಹುದುಗಿದ ಇಡ್ಲಿ ಹಿಟ್ಟು, ಕಾಫಿ ಡಿಕಾಕ್ಷನ್, ಎಲ್ಲವೂ 7ರ ಕೆಳಗೆ. ಏನೂ ಅರಿಯದಂತಿರುವ ಹಾಲು ಕೂಡ 6.7. ಬಚ್ಚಲಿಗೆ ಹೋದರೆ ಸೋಪು, ಬಟ್ಟೆ ಸೋಡ, ಹಂಡೆಯ ಒಲೆಯ ಬೂದಿ ಕದಡಿದ ನೀರು, ಎಲ್ಲವೂ ಹಸಿರುಪಕ್ಷ. ಜಿಡ್ಡನ್ನು ಒಡೆಯುವ ಶಕ್ತಿ ಪ್ರತ್ಯಾಮ್ಲಕ್ಕಿದೆ, ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ ಹುಳಿಗಿದೆ. ಬೊಟ್ಯುಲಿಸಂ ತರುವ ಬ್ಯಾಕ್ಟೀರಿಯಾ 4.6ರ ಕೆಳಗೆ ಬೆಳೆಯಲಾರದು. ಭರಣಿಯ ಉಪ್ಪಿನಕಾಯಿಗೆ ಉಪ್ಪಿನ ಜತೆ ಇದೂ ಒಂದು ಕಾವಲು. ಪಕ್ಷಾಂತರಿಗಳೂ ಇಲ್ಲದಿಲ್ಲ. ಹಿತ್ತಾಳೆ ತಿಕ್ಕಲು ಹುಣಸೆಹಣ್ಣು ಬಚ್ಚಲಿಗೆ ಹೋಗುತ್ತದೆ, ತಲೆಗೆ ಸೀಗೆಕಾಯಿ ಹೋಗುತ್ತದೆ. ಹಪ್ಪಳಖಾರ ಅಡುಗೆಮನೆಗೆ ಬರುತ್ತದೆ, ಸುಣ್ಣ ಎಲೆಯಡಿಕೆ ತಟ್ಟೆಯೇರುತ್ತದೆ.

ಇಷ್ಟೆಲ್ಲದರಲ್ಲಿ ನನಗೆ ಸಮಯದ ಪರಿವೆ ತಪ್ಪುವುದು ಹನಿಯಾಟದಲ್ಲಿ. ಗಾಜಿನ ಲೋಟದ ತಳದಲ್ಲಿ ಎರಡೇ ಹನಿ ಲಿಂಬೆರಸ, ಮೇಲೆ ಒಂದಿಷ್ಟು ದಾಸವಾಳದ ನೀರು, ಲೋಟ ರಂಗೇರುತ್ತದೆ. ಸುಣ್ಣ ಕದಡಿ ತಂಗಲು ಬಿಟ್ಟ ತಿಳಿಯನ್ನು ಡ್ರಾಪರಿನಿಂದ ಬಿಡಬೇಕು. ಹನಿ ಬಿದ್ದ ಜಾಗದಲ್ಲಿ ಹಸಿರು ಎಳೆಯೊಂದು ಸುತ್ತಿಕೊಳ್ಳುತ್ತದೆ, ಲೋಟ ಅಲ್ಲಾಡಿಸಿದರೆ ಮಾಯ. ಮತ್ತೊಂದು ಹನಿ, ಮತ್ತೆ ಮಾಯ. ಸಿಟ್ರಿಕ್ ಆಮ್ಲ ತನ್ನ ಅಯಾನುಗಳನ್ನೆಲ್ಲ ಒಮ್ಮೆಲೇ ಹೊರಗಿಡುವ ಪೈಕಿಯಲ್ಲ. ಖರ್ಚಾದಂತೆಲ್ಲ ದಾಸ್ತಾನಿನಿಂದ ತೆಗೆದು ಕೊಡುತ್ತಿರುತ್ತದೆ. ಕೆಂಪು ತೆಳುವಾಗುತ್ತದೆ, ಸೋಲೊಪ್ಪುವುದಿಲ್ಲ. ಬರಬರುತ್ತ ಹಸಿರು ಎಳೆ ಕರಗಲು ತಡಮಾಡುತ್ತದೆ. ಆಗ ಕೈ ತಡೆದು ಬಿಡಬೇಕು. ದಾಸ್ತಾನು ಬರಿದಾಯಿತೋ, ಮುಂದಿನ ಒಂದೆರಡು ಹನಿಗೇ ಲೋಟಕ್ಕೆ ಲೋಟವೇ ಪಕ್ಷ ಬದಲಿಸುತ್ತದೆ. ಹೀಗೆ ಏಟು ತಡೆದುಕೊಳ್ಳುವ ದಾಸ್ತಾನು ನಮ್ಮ ರಕ್ತದಲ್ಲೂ ಇದೆ. ಕಾರ್ಬಾನಿಕ್ ಆಮ್ಲ, ಬೈಕಾರ್ಬನೇಟುಗಳ ಜೋಡಿ ಏನು ತಿಂದರೂ ರಕ್ತದ ಪಿಎಚ್ಚನ್ನು 7.35ರಿಂದ 7.45ರೊಳಗೆ ಹಿಡಿದಿಡಲು ನೆರವಾಗುತ್ತದೆ.

ದಾಸವಾಳ ಸಿಗದ ಊರಿನವರು ಶಂಖಪುಷ್ಪ, ನೇರಳೆಹಣ್ಣಿನ ಸಿಪ್ಪೆ ಹಿಡಿಯಬಹುದು. ಕರಾವಳಿಯವರಿಗಂತೂ ಪುನರ್ಪುಳಿ ಇದೆ. ಪಾನಕ ಕುಡಿದ ಲೋಟಕ್ಕೆ ಸೋಪಿನ ನೀರು ಬಿದ್ದಾಗ ತಳದ ಕೆಂಪು ಕಪ್ಪುನೀಲಿಗೆ ತಿರುಗುವುದನ್ನು ಪಾತ್ರೆ ತೊಳೆಯುವವರು ಬಲ್ಲರು. ಬೀಟ್‌ರೂಟು, ಕೆಂಪು ಹರಿವೆಗಳ ನೆಚ್ಚಿಕೆ ಬೇಡ. ಅವುಗಳ ಬಣ್ಣ ಬೇರೆ ಕುಲದ್ದು, ಲಿಂಬೆ ಹಿಂಡಿದರೆ ಕ್ಯಾರೇ ಅನ್ನುವುದಿಲ್ಲ.

“ಏನು ಭಾವ, ಇವತ್ತು ಗೊಜ್ಜಿಗೂ ಜ್ವರ ನೋಡ್ತೀರಾ?” ಎಂದು ನಾದಿನಿ ನಗುತ್ತಾಳೆ. ನೋಡುವುದೇ. ಹುಳಿ ಜಾಸ್ತಿಯಾದ ಗೊಜ್ಜಿಗೆ ಅವಳು ಬೆಲ್ಲ ಹಾಕಿ ಸರಿಮಾಡುತ್ತಾಳೆ, ನಾಲಿಗೆ ಒಪ್ಪುತ್ತದೆ. ಪಟ್ಟಿ ಮಾತ್ರ ಮೊದಲಿನಷ್ಟೇ ಕೆಂಪು. ಬೆಲ್ಲ ಹುಳಿಯನ್ನು ಮರೆಸುತ್ತದೆಯೇ ಹೊರತು ಕಳೆಯುವುದಿಲ್ಲ. ಪಿಎಚ್‌ನಲ್ಲಿ ಲಿಂಬೆರಸಕ್ಕೆ ಹತ್ತಿರವೇ ಇರುವ ಕೋಲಾವನ್ನು ನಾವು ಸಿಹಿಯೆಂದು ಗಟಗಟ ಕುಡಿಯುವುದೂ ಸಕ್ಕರೆಯ ಈ ಕೈಚಳಕದಿಂದಲೇ. ಹಾಗಂತ ಗೊಜ್ಜಿನ ವಿಚಾರದಲ್ಲಿ ದಾಸವಾಳದ ತೀರ್ಪು ನಡೆಯುವುದಿಲ್ಲ. ಅನ್ನಕ್ಕೆ ಕಲಸಿದ ಮೇಲೆ ನಾಲಿಗೆ ಹೇಳಿದ್ದೇ ಸರಿ. ಹೂವಿಗೆ ಗೊತ್ತಾದದ್ದನ್ನು ನಾದಿನಿಗೆ ಹೇಳಿದರೆ, ನಾಳೆಯಿಂದ ಊಟವನ್ನು ಹೂವಿನ ಹತ್ತಿರವೇ ಕೇಳಿ ಅಂದಾಳು.