ಒಂದನೇ ಕಾಲದಲ್ಲಿ ಎಣಿಸಿ

ಈ ದಿನ ಬೆಳಗ್ಗೆ ಮೊಬೈಲ್ ಪರದೆಯ ಮೇಲಿನ ಹುಡುಗಿಯ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು. ಅರವತ್ತು ದಾಟಿದವರಿಗಾಗಿಯೇ ಮಾಡಿದ್ದು ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ವ್ಯಾಯಾಮದ ವಿಡಿಯೊ. ಕುರ್ಚಿಯಿಂದ ಏಳಿ, ಕೂರಿ ಎನ್ನುತ್ತಾ ಆಕೆ ಒನ್‌ನಿಂದ ಟೆನ್‌ವರೆಗೆ ಒಂದೇ ಉಸಿರಿಗೆ ಎಣಿಸಿ, ‘ವೆರಿ ಗುಡ್’ ಎಂದು ಹೇಳಿ, ತೋಳಿನ ವ್ಯಾಯಾಮಕ್ಕೆ ಹೋಗಿಯೇಬಿಟ್ಟಳು. ನಾನಿನ್ನೂ ಅರ್ಧದಲ್ಲಿದ್ದೆ. ಮಂಡಿನೋವಿರುವ ನನ್ನ ಹೆಂಡತಿ ಆ ವೇಗ ಹಿಡಿಯಲು ಹೋಗಿ ಕುರ್ಚಿಯ ಮೇಲೆ ದೊಪ್ಪೆಂದು ಕುಸಿದಳು. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಸರ್ರನೆ ಗೇಣುದ್ದ ಜಾರಿತು.

ವಯಸ್ಸಾದವರಿಗೆ ವ್ಯಾಯಾಮ ಬೇಕು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥದ್ದನ್ನು ಮಾಡಲಿ, ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಯಲ್ಲೇ ಆದರೆ ಬಸ್ಸಿಲ್ಲ, ಫೀಸಿಲ್ಲ, ಮಳೆಯ ಹಂಗಿಲ್ಲ. ಎಲ್ಲ ಸರಿ. ನನ್ನ ತಕರಾರು ಇರುವುದು ಎಣಿಕೆಯ ಬಗ್ಗೆ.

ಕೂರುವ ಕ್ರಿಯೆಯನ್ನೇ ಗಮನಿಸಿ. ಏಳುವಾಗಿನ ಶ್ರಮ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೂರುವಾಗಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎದೆ ತುಸು ಮುಂದಕ್ಕೆ ಬಾಗಿ, ಸೊಂಟ ಹಿಂದಕ್ಕೆ ಸರಿಯುತ್ತಾ ಮೈ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರವನ್ನು ಹಿಡಿದುಕೊಂಡಿರುತ್ತದೆ. ಮೆಟ್ಟಿಲು ಇಳಿಯುವಾಗ, ಬಸ್ಸಿನಿಂದ ಕಾಲು ಕೆಳಗಿಡುವಾಗ ನಮ್ಮನ್ನು ಕಾಯುವುದು ಇದೇ ಹಿಡಿತ. ಎಣಿಕೆ ಅವಸರವಾದರೆ ಹಿಡಿತ ತಪ್ಪಿ ಮೈ ತಾನಾಗಿ ಬೀಳುತ್ತದೆ, ಸ್ನಾಯುವಿಗೆ ಏನೂ ದಕ್ಕುವುದಿಲ್ಲ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ನೋಡಿ ಫಿಸಿಯೋಥೆರಪಿಯವರು ಕಾಲಿನ ಬಲ ಅಳೆಯುವುದುಂಟು. ಅದು ಪರೀಕ್ಷೆ. ಪರೀಕ್ಷೆಯ ವೇಗವನ್ನು ದಿನದ ಅಭ್ಯಾಸಕ್ಕೆ ತರಬಾರದು.

ಸಂಗೀತ ಕಲಿಸುವವರಿಗೆ ಇದು ಚೆನ್ನಾಗಿ ಗೊತ್ತು. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ನಂಬಿರುವ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸುವಾಗ ಮೊದಲು ಒಂದನೇ ಕಾಲ, ತಾಳದ ಅಕ್ಷರಕ್ಕೆ ಒಂದೇ ಸ್ವರ. ಅದು ಕೂತ ಮೇಲೆ ಎರಡನೇ ಕಾಲದಲ್ಲಿ ಎರಡು ಸ್ವರ, ಆಮೇಲೆ ಮೂರನೇ ಕಾಲದಲ್ಲಿ ನಾಲ್ಕು. ನಾವು ಬೆಳೆದ ಬೀದಿಯಲ್ಲಿದ್ದ ಸಂಗೀತದ ಮೇಷ್ಟರು ಮೂರನೇ ಕಾಲಕ್ಕೆ ಹಾರುವ ಮಕ್ಕಳನ್ನು ತೊಡೆ ತಟ್ಟಿ ನಿಲ್ಲಿಸುತ್ತಿದ್ದರು. ವೇಗದಲ್ಲಿ ತಪ್ಪೆಲ್ಲ ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಹಾಡು, ನಿನ್ನ ಶ್ರುತಿ ಎಲ್ಲಿದೆ ಎಂದು ನನಗೂ ನಿನಗೂ ಕೇಳಲಿ ಎನ್ನುತ್ತಿದ್ದರು. ಎಷ್ಟು ದೊಡ್ಡ ಮಾತು! ವಿಳಂಬದಲ್ಲಿ ಉಸಿರು ಬೇಕು, ನಿಲುಗಡೆ ಬೇಕು, ಧೈರ್ಯವೂ ಬೇಕು. ನನಗಂತೂ ಅರವತ್ತರ ಮೇಲಿನ ಮೈಗೆ ಒಂದನೇ ಕಾಲವೇ ಸರಿ ಎಂಬುದರಲ್ಲಿ ಅನುಮಾನವಿಲ್ಲ.

ಇನ್ನು ಎಣಿಕೆ ಬಾಯಿಬಿಟ್ಟು ಆಗಬೇಕು. ಶ್ರಮದ ಹೊತ್ತಿನಲ್ಲಿ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಗಟ್ಟಿಯಾಗಿ ಎಣಿಸುವವರಿಗೆ ಉಸಿರು ಕಟ್ಟಲು ಆಗುವುದೇ ಇಲ್ಲ. ಕಣದಲ್ಲಿ ರಾಗಿ ರಾಶಿ ಅಳೆಯುವವರು ‘ಲಾಭ’ ಎಂದು ಶುರುಮಾಡಿ ಕೊಳಗ ಕೊಳಗಕ್ಕೂ ಎಣಿಕೆ ಕೂಗುತ್ತಿದ್ದರು. ಕೊಳಗ ತುಂಬಿದ ಮೇಲೆ ಎಣಿಕೆ ಬರುತ್ತಿತ್ತೇ ಹೊರತು ಎಣಿಕೆಗೆ ಹೆದರಿ ಯಾರೂ ಕೊಳಗವನ್ನು ಅರ್ಧಕ್ಕೆ ಎತ್ತುತ್ತಿರಲಿಲ್ಲ.

ಮನೆಬಾಗಿಲಿಗೆ ಬರುವ ವ್ಯಾಯಾಮಪಾಠ ನಮಗೆ ಹೊಸದೂ ಅಲ್ಲ. ಬೆಂಗಳೂರಿನ ವ್ಯಾಯಾಮಾಚಾರ್ಯ ಕೆ.ವಿ. ಅಯ್ಯರ್ ಅಂಚೆಯ ಮೂಲಕವೇ ಅಂಗಸಾಧನೆ ಕಲಿಸುತ್ತಿದ್ದರು. ಸೂರ್ಯನಮಸ್ಕಾರದ ಬಗ್ಗೆ 1937ರಲ್ಲಿ ಪುಸ್ತಕವನ್ನೂ ತಂದರು. ಕಾಗದದ ಮೇಲೆ ಬಂದ ಪಾಠದಲ್ಲಿ ಎಣಿಕೆ ಕಲಿಯುವವನ ಕೈಯಲ್ಲೇ ಇರುತ್ತಿತ್ತು.

ವಿಡಿಯೊ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಎಪ್ಪತ್ತು ದಾಟಿದ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರ ಮೈ ಇಳಿಯುವ ವೇಗಕ್ಕೆ ಎಣಿಸಿ, ಕನ್ನಡದಲ್ಲಿ ಎಣಿಸಿ. ಮಕ್ಕಳಿಗೂ ಒಂದು ಮಾತು. ಅಪ್ಪ ಅಮ್ಮನಿಗೆ ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ಗಟ್ಟಿಯಾದ ಮರದ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿಡಿ, ವಿಡಿಯೊದ ಧ್ವನಿ ನಿಲ್ಲಿಸಿ, ಎದುರು ನಿಂತು ನೀವೇ ಎಣಿಸಿ. ಕೂರುವುದಕ್ಕೆ ನಾಲ್ಕು ಎಣಿಕೆಯಷ್ಟು ಸಮಯ ಕೊಡಿ.